ಇಬ್ಬರು ಕರೆದ ಚೆಂಡು

ನಮ್ಮೂರಿನಲ್ಲಿ ಮೇಲಕ್ಕೆ ಎಸೆದದ್ದು ಕರೆದರೆ ಮಾತ್ರ ಕೆಳಗೆ ಬರುತ್ತದೆ. ಮಳೆಗೂ ಹಕ್ಕಿ ಹಿಕ್ಕೆಗೂ ಈ ಮಾತಿಲ್ಲ, ಅವನ್ನು ನಾವು ಎಸೆದದ್ದಲ್ಲವಲ್ಲ. ನಮ್ಮ ಕೈಯಿಂದ ಹೋದದ್ದು ಮಾತ್ರ ನಮ್ಮ ಬಾಯಿಗೆ ಕಾಯುತ್ತದೆ. ಕಂಡಕ್ಟರು ಬಸ್ಸಿನ ಟಾಪಿಗೆ ಮೂಟೆ ಎಸೆದು ‘ಬಾರಪ್ಪ’ ಅನ್ನುವುದನ್ನು ಮರೆತರೆ ಬಸ್ಸು ಹೊರಟುಹೋಗುತ್ತದೆ, ಮೂಟೆ ಸ್ಟ್ಯಾಂಡಿನಲ್ಲೇ ಎಲ್ಲರ ತಲೆಯ ಮೇಲೆ ನಿಂತಿರುತ್ತದೆ. ಹೋದ ಚುನಾವಣೆಯಲ್ಲಿ ಒಬ್ಬರ ಮೆರವಣಿಗೆಗೆ ಜನ ಚೆಂಡುಹೂ ಎರಚಿದರು. ಆಮೇಲೆ ಅವರು ಸೋತರು, ಹೂವನ್ನು ಕರೆಯಲು ಯಾರಿಗೂ ಮನಸ್ಸಾಗಲಿಲ್ಲ. ಈಗಲೂ ಅವು ಪೇಟೆ ಬೀದಿಯ ಮೇಲೆ ಒಣಗಿಕೊಂಡು ನಿಂತಿವೆ. ನಾವು ಅವುಗಳ ಕೆಳಗೇ ಸೊಪ್ಪು ತರಕಾರಿ ಕೊಳ್ಳುತ್ತೇವೆ.

ಹಾಗಂತ ಬಾಯಿಮಾತಿಗೆ ಬಾ ಅಂದರೂ ಬರುವುದಿಲ್ಲ. ನೆಂಟರನ್ನು ಊಟಕ್ಕೆ ಎಬ್ಬಿಸುವ ಹಾಗೆ, ಬೇಕು ಅನ್ನಿಸಿ ಕರೆಯಬೇಕು. ಗದರಿದರೆ ಇನ್ನೊಂದು ಗೇಣು ಮೇಲಕ್ಕೇ ಹೋಗುತ್ತದೆ. ಕರೆಯದೆ ಕೈ ಹಾಕಿದರೆ ಗೋಡೆಗೆ ಕೈ ಹಾಕಿದ ಹಾಗೆ, ಒಂಚೂರೂ ಅಲುಗುವುದಿಲ್ಲ. ಇನ್ನು ಇಬ್ಬರು ಒಟ್ಟಿಗೆ ಕರೆದರೋ, ಮುಗಿಯಿತು. ಇಬ್ಬರಲ್ಲಿ ಒಬ್ಬರು ‘ಅವರಿಗೇ ಹೋಗು’ ಅನ್ನುವ ತನಕ ಅದು ನಡುವೆ ನಿಂತೇ ಇರುತ್ತದೆ.

ನಾನು ಚೆನ್ನಾಜಮ್ಮ. ಈ ಊರಿನಲ್ಲಿ ಕರೆಯುವ ಕೆಲಸ ನನ್ನದು. ಗಂಟಲು ಕಟ್ಟಿದವರ ಸಾಮಾನು, ಊರು ಬಿಟ್ಟು ಹೋದವರ ಸಾಮಾನು, ಕೋಪದಲ್ಲಿ ಎಸೆದು ಆಮೇಲೆ ಕರೆಯಲು ನಾಚಿಕೆಪಡುವವರ ಸಾಮಾನು, ಎಲ್ಲ ನಾನೇ ಕರೆದು ಇಳಿಸಿಕೊಡುತ್ತೇನೆ. ನನ್ನ ದನಿಗೆ ಇಳಿಯದೆ ಇರುವುದು ಇಬ್ಬರು ಕರೆದದ್ದು ಮಾತ್ರ. ಅದಕ್ಕೆ ಸಾಕ್ಷಿ ಬೇಕಾದರೆ ನಮ್ಮ ಹಿತ್ತಲಿಗೇ ಬನ್ನಿ. ನನ್ನ ಮನೆಗೂ ನನ್ನ ವಾರಗಿತ್ತಿ ಪುಟ್ಟತಾಯಿಯ ಮನೆಗೂ ನಡುವೆ ಒಂದು ಗೋಡೆ ಇದೆ, ಆ ಗೋಡೆಯ ನೇರಕ್ಕೆ ಮೇಲೆ ನಮ್ಮ ಅತ್ತೆಯ ಹಿತ್ತಾಳೆ ಚೊಂಬು ನಿಂತಿದೆ. ಮನೆ ಪಾಲಾದ ದಿನ ಮಾತಿಗೆ ಮಾತು ಬೆಳೆದು ಯಾರೋ ಅದನ್ನು ಎಸೆದರು. ಯಾರು ಅಂತ ಅವಳನ್ನೇ ಕೇಳಿ. ನಾನೂ ಬಾ ಅಂದೆ, ಅವಳೂ ಬಾ ಅಂದಳು. ಅವತ್ತಿನಿಂದ ಅದರ ಮೇಲೆ ಕಾಗೆ ಕೂರುತ್ತದೆ. ನಮ್ಮ ಗಂಡಂದಿರು, ಅಣ್ಣ ತಮ್ಮ, ಅದರ ಕೆಳಗೇ ಗೋಡೆಗೆ ಒರಗಿ ಕಾಫಿ ಕುಡಿಯುತ್ತಾರೆ. ಅವರು ಚೆನ್ನಾಗಿಯೇ ಇದ್ದಾರೆ. ಮಾತು ಬಿಟ್ಟಿರುವುದು ನಾನು ಮತ್ತು ಅವಳು.

ಇಂಥ ಊರಿಗೆ ದೇಶದ ವಾಲಿಬಾಲ್ ತಂಡ ಬಂದು ತಯಾರಿ ಮಾಡುತ್ತದೆ ಅಂದರೆ ಯಾರಾದರೂ ನಂಬುತ್ತಾರೆಯೇ? ನಾವೂ ನಂಬಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಬಸ್ಸು ಬಂತು, ಅದರೊಳಗಿಂದ ಎತ್ತರೆತ್ತರದ ಗಂಡಸರು ಬಗ್ಗಿ ಬಗ್ಗಿ ಇಳಿದರು. ನಮ್ಮೂರಿನ ಯಾವ ಬಾಗಿಲೂ ಅವರ ಹಣೆಯನ್ನು ಬಿಡಲಿಲ್ಲ. ಸಂತೆ ಬಯಲಿನಲ್ಲಿ ಕಂಬ ನೆಟ್ಟು ನೆಟ್ ಕಟ್ಟಿದರು, ಸುಣ್ಣದಲ್ಲಿ ಗೆರೆ ಹಾಕಿದರು. ಅವರ ಕೋಚ್ ಬೆಳ್ಳಿಯಪ್ಪ ಅಂತ, ಮಿಲಿಟರಿಯಲ್ಲಿ ಇದ್ದವರು, ಊಟಕ್ಕೆ ಕೂತಾಗಲೂ ಕೊರಳಿನಿಂದ ಸೀಟಿ ತೆಗೆಯದ ಮನುಷ್ಯ. ಅವರೇ ನನ್ನ ಜಗಲಿಗೆ ಬಂದು ಕೂತು, ಕರೆಯುವುದನ್ನು ಹುಡುಗರಿಗೆ ಕಲಿಸಿಕೊಡಿ ಅಂದರು.

ಯಾಕೆ ಇದೇ ಊರು ಅಂತ ಕೇಳಿದೆ. ಹೋದ ಸಲದ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಕೊನೆಯ ಪಾಯಿಂಟಿಗೆ ಒಂದು ಸುಲಭದ ಚೆಂಡು ಅವರ ಇಬ್ಬರು ಆಟಗಾರರ ನಡುವೆ ಬಿತ್ತಂತೆ. ಅವನು ತಗೋತಾನೆ ಅಂತ ಇವನು, ಇವನು ತಗೋತಾನೆ ಅಂತ ಅವನು, ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡು ನಿಂತರಂತೆ. ‘ನಂದು’ ಅಂತಲೋ ‘ನಿಂದು’ ಅಂತಲೋ ಒಬ್ಬ ಅಂದಿದ್ದರೂ ಸಾಕಿತ್ತಂತೆ. ವಾಲಿಬಾಲ್ ಆಡುವುದು ಅರ್ಧ ಕೈಯಿಂದ, ಅರ್ಧ ಬಾಯಿಂದ ಕಣ್ರಮ್ಮ ಅಂದರು. ಆ ಇಬ್ಬರೂ ಒಡಹುಟ್ಟಿದವರು. ದೊಡ್ಡವನು ಗುರುಪಾದ, ಚೆಂಡನ್ನು ಎತ್ತಿ ಕೊಡುವವನು. ಚಿಕ್ಕವನು ಓಂಕಾರ, ಎಗರಿ ಹೊಡೆಯುವವನು. ಅವರಿಬ್ಬರ ನಡುವೆ ಮಾತಿಲ್ಲ. ಕರೆಯದೆ ಚೆಂಡು ಇಳಿಯದ ಊರಿಗೆ ತಂದು ಹಾಕಿದರೆ ಬಾಯಿ ಬಿಡಲೇಬೇಕಲ್ಲ ಅನ್ನುವುದು ಬೆಳ್ಳಿಯಪ್ಪನವರ ಲೆಕ್ಕ. ಈ ಸಲದ ಸ್ಪರ್ಧೆಗೆ ಹೊರಡುವ ಮುಂಚೆ ಇಲ್ಲೇ ಒಂದು ಅಭ್ಯಾಸ ಪಂದ್ಯ ಇತ್ತು. ಅಷ್ಟರೊಳಗೆ ಇಬ್ಬರೂ ಮಾತಾಡದಿದ್ದರೆ ಇಬ್ಬರನ್ನೂ ಬಿಟ್ಟು ಹೋಗುವುದು ಅಂತ ತೀರ್ಮಾನ ಆಗಿತ್ತು. ಗುರುಪಾದನಿಗೆ ಆಗಲೇ ಕಿವಿಯ ಹತ್ತಿರ ಬೆಳ್ಳಿ ಕೂದಲು. ಇದು ತಪ್ಪಿದರೆ ಅವನಿಗೆ ಇನ್ನೊಂದಿಲ್ಲ.

ಮೊದಲ ದಿನದ ಆಟ ನೋಡಲು ಊರಿಗೆ ಊರೇ ಬಂದಿತ್ತು. ಗುರುಪಾದ ಚೆಂಡು ಎತ್ತಿದ, ಅದು ನೆಟ್ಟಿನ ಮೇಲೆ ಹೋಗಿ ನಿಂತಿತು. ಓಂಕಾರ ಓಡಿಬಂದು, ಎಗರಿ, ಕರೆಯದೆಯೇ ಬಾರಿಸಿದ. ಪಾಪ, ಆ ಕೈಗೆ ನಾನೇ ಎಣ್ಣೆ ಕಾಯಿಸಿ ಹಚ್ಚಿದೆ. ಚೆಂಡಿಗೆ ಬಾ ಅನ್ನಲು ಆ ದೊಡ್ಡ ದೊಡ್ಡ ಗಂಡಸರಿಗೆ ನಾಚಿಕೆ. ಮೀಸೆಯಡಿಯಲ್ಲಿ ಏನೋ ಗೊಣಗುವರು, ಚೆಂಡು ಕೇಳಿಸಿಕೊಳ್ಳದ ಹಾಗೆ ಅಲ್ಲೇ ಇರುವುದು. ನಿಮ್ಮ ಮನೆಯಲ್ಲಿ ಯಾರನ್ನಾದರೂ ಒಂದು ದಿನವಾದರೂ ಪ್ರೀತಿಯಿಂದ ಕರೆದಿದ್ದೀರೇನ್ರಪ್ಪ ಅಂತ ಕೇಳಿದೆ. ಆಮೇಲೆ ಒಬ್ಬೊಬ್ಬನಿಗೂ ಒಂದೊಂದು ದಾರಿ ಸಿಕ್ಕಿತು. ಒಬ್ಬ ತನ್ನ ಮನೆಯ ಎಮ್ಮೆಯನ್ನು ಕರೆಯುವ ಹಾಗೆ ಕರೆದ, ಇನ್ನೊಬ್ಬ ಹೆಂಡತಿಯನ್ನು ಕರೆಯುವ ಹಾಗೆ ಕರೆದ. ಎಮ್ಮೆಯವನಿಗೇ ಚೆಂಡು ಬೇಗ ಬರುತ್ತಿತ್ತು, ಅದಕ್ಕೆ ನಾನೇನು ಮಾಡಲಿ?

ಪಂದ್ಯಕ್ಕೆ ಕೆಲವು ದಿನ ಮುಂಚೆಯೇ ಬಂದು ಅಭ್ಯಾಸಕ್ಕೆ ಇಳಿದದ್ದು ಯಾವುದೋ ದ್ವೀಪದ ದೇಶದ ತಂಡ. ನಗುನಗುತ್ತಾ ಇರುವ, ಸಿಕ್ಕವರಿಗೆಲ್ಲ ತಲೆಬಾಗುವ ಜನ. ಅವರು ಇಳಿದುಕೊಂಡಿದ್ದ ಲಾಡ್ಜಿನ ಯಜಮಾನರು ಬಹಳ ಮರ್ಯಾದೆಯ ಮನುಷ್ಯ, ಅವರ ಬಾಯಿಂದಲೇ ಇವರು ಕರೆಯುವುದನ್ನು ಕಲಿತದ್ದು. ಹಾಗಾಗಿ ಚೆಂಡು ಮೇಲೆ ಹೋದ ಕೂಡಲೇ ಅದರ ಕೆಳಗಿದ್ದವನು ‘ದಯಮಾಡಿಸಬೇಕು, ದಯಮಾಡಿಸಬೇಕು’ ಅನ್ನುವನು. ಇಬ್ಬರು ಒಟ್ಟಿಗೆ ಕರೆದುಬಿಟ್ಟರೆ, ತಕ್ಷಣ ಇಬ್ಬರೂ ಒಬ್ಬರಿಗೊಬ್ಬರು ತಲೆಬಾಗಿ, ಒಬ್ಬ ಬಿಟ್ಟುಕೊಡುವನು. ಚೆಂಡು ಅವರ ಕೈಗೆ ಸಾಕಿದ ಬೆಕ್ಕಿನ ಹಾಗೆ ಹೋಗುತ್ತಿತ್ತು. ಬೆಳ್ಳಿಯಪ್ಪನವರಿಗೆ ಹೊಟ್ಟೆಯಲ್ಲಿ ಕಿಚ್ಚು.

ಕಿಚ್ಚಿಗೆ ಇನ್ನೊಂದು ಕಾರಣವೂ ಇತ್ತು. ಅವರ ಲೆಕ್ಕ ತಪ್ಪಿಹೋಗಿತ್ತು. ಗುರುಪಾದ ಚೆಂಡನ್ನು ‘ಬಾ ಕಂದ’ ಅಂತ ಕರೆದು ಇಳಿಸಿ, ಬೆರಳ ತುದಿಯಲ್ಲಿ ಎತ್ತಿ ಕೊಡುವನು. ಓಂಕಾರ ಅದನ್ನು ‘ಬಾರೋ ಚಿನ್ನ’ ಅಂತ ಕರೆದು ಹೊಡೆಯುವನು. ಕಂದನಿಗೂ ಚಿನ್ನನಿಗೂ ನಡುವೆ ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡುವುದೇ ಬೇಕಿರಲಿಲ್ಲ. ಚೆಂಡಿನ ಹತ್ತಿರ ಅಷ್ಟು ಮುದ್ದು ಮಾತು, ಒಡಹುಟ್ಟಿದವನಿಗೆ ಒಂದು ಹ್ಞೂಂ ಇಲ್ಲ. ಇಬ್ಬರನ್ನೂ ಒಂದೇ ಎಲೆಗೆ ಕೂರಿಸಿ ಅಂತ ನಾನು ಉಪಾಯ ಹೇಳಿದೆ. ಕೂರಿಸಿದರು. ಒಬ್ಬ ಆ ತುದಿಯಿಂದ, ಒಬ್ಬ ಈ ತುದಿಯಿಂದ ಉಂಡು ನಡುವಿನ ಪಲ್ಯ ಹಾಗೇ ಬಿಟ್ಟೆದ್ದರು. ನನ್ನ ಉಪಾಯದ ಕಥೆ ಇಷ್ಟೇ.

ಕ್ಯಾಂಪಿನ ಅಡುಗೆಗೆ ಸೇರಿಕೊಂಡಿದ್ದವಳು ಪುಟ್ಟತಾಯಿ. ಬಡಿಸುತ್ತಾ ಬಡಿಸುತ್ತಾ ಕಿವಿ ನಿಮಿರಿಸಿ ಕೇಳಿದ್ದನ್ನು ಅವಳು ತನ್ನ ಗಂಡನಿಗೆ ಹೇಳುವಳು, ಅವನು ನನ್ನ ಗಂಡನಿಗೆ, ಇವರು ನನಗೆ. ಹೀಗೆ ಇಬ್ಬರು ಗಂಡಸರ ಬಾಯಿ ದಾಟಿ ಬಂದದ್ದರಿಂದ ಉಪ್ಪು ಖಾರ ಕಮ್ಮಿಯಾಗಿತ್ತು, ಆದರೂ ವಿಷಯ ತಿಳಿಯಿತು. ಹಿಂದೊಂದು ಸಲ ಓಂಕಾರನ ಮೊಣಕಾಲು ಊದಿತ್ತಂತೆ. ಅವನು ಪಟ್ಟಿ ಕಟ್ಟಿ, ಪ್ಯಾಂಟು ಮುಚ್ಚಿ, ಯಾರಿಗೂ ಹೇಳದೆ ದೊಡ್ಡ ಸ್ಪರ್ಧೆಗೆ ಹೊರಟಿದ್ದನಂತೆ. ಗುರುಪಾದ ಹೋಗಿ ಕೋಚಿಗೆ ಹೇಳಿಬಿಟ್ಟ. ಓಂಕಾರನನ್ನು ವಿಮಾನ ನಿಲ್ದಾಣದಿಂದಲೇ ವಾಪಸು ಕಳಿಸಿದರು. ತನ್ನ ಹೆಸರು ಬೆಳೆಯುವುದು ಅಣ್ಣನಿಗೆ ಸಹಿಸಲಾಗಲಿಲ್ಲ ಅಂತ ಅವನು, ನಿನ್ನ ಕಾಲು ಉಳಿಸಿದೆನಲ್ಲೋ ಅಂತ ಇವನು. ಇದನ್ನೂ ಇಬ್ಬರೂ ಬೇರೆಯವರಿಗೆ ಹೇಳಿಕೊಂಡರೇ ಹೊರತು ಒಬ್ಬರಿಗೊಬ್ಬರು ಹೇಳಲಿಲ್ಲ.

ಪಂದ್ಯದ ಹಿಂದಿನ ದಿನ ಸಂಜೆ ಗುರುಪಾದ ನಮ್ಮ ಮನೆಗೆ ಬಂದ. ಗಂಟಲು ಕಟ್ಟಿದೆ, ಏನಾದರೂ ಕೊಡಿ ಅಂದ. ಹಿತ್ತಲಿನಲ್ಲಿ ಕೂರಿಸಿ ಮೆಣಸಿನ ಕಷಾಯ ಕೊಟ್ಟೆ. ಕುಡಿಯುತ್ತಾ ತಲೆ ಎತ್ತಿ ಚೊಂಬು ನೋಡಿದ, ಅದೇನಮ್ಮ ಅಂತ ಕೇಳಿದ. ಅದು ಬೇರೆ ವಿಷಯ, ನೀನು ಕಷಾಯ ಕುಡಿ ಅಂದೆ. ಗೋಡೆ ನೋಡಿದ, ಗೋಡೆಯಾಚೆಗೆ ಪಾತ್ರೆ ತಿಕ್ಕುವ ಸದ್ದು ಕೇಳಿಸಿಕೊಂಡ, ನನ್ನ ಮುಖ ನೋಡಿದ. ಅವನು ನಕ್ಕದ್ದನ್ನು ನಾನು ಅವತ್ತೇ ಮೊದಲು ಕಂಡದ್ದು. ಹಾಳಾದವನು ಎಲ್ಲ ಅರ್ಥ ಮಾಡಿಕೊಂಡಿದ್ದ. ಆಮೇಲೆ ನಗು ನಿಲ್ಲಿಸಿ, ಲೋಟದೊಳಗೆ ನೋಡುತ್ತಾ ಒಂದು ಮಾತು ಅಂದ.

“ಅವನು ಎಗರಿದಾಗೆಲ್ಲ ನಂಗೆ ಅವನ ಕಾಲೇ ಕಾಣೋದು ಕಣಮ್ಮ. ಚೆಂಡು ಕಾಣೋದೇ ಇಲ್ಲ.”

ಇದನ್ನು ಅವನಿಗೇ ಹೇಳಬಾರದೇನಪ್ಪ ಅಂದೆ. ಅವನು ಲೋಟ ತೊಳೆದಿಟ್ಟು, ಇನ್ನೊಂದು ಸಲ ಚೊಂಬು ನೋಡಿ ಹೋದ. ಅವನು ನೋಡಿದ ರೀತಿ ನನಗೆ ಸರಿಬರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಪಂದ್ಯ ಶುರುವಾಯಿತು. ರೆಫರಿ ನಮ್ಮೂರಿನವರೇ, ಸಂಪಂಗಪ್ಪ ಮೇಷ್ಟ್ರು. ನಿಯಮ ಅಂದರೆ ಪ್ರಾಣ ಬಿಡುವವರು, ಮದುವೆ ಮನೆಯಲ್ಲಿ ಪಂಕ್ತಿ ತಪ್ಪಿ ಬಡಿಸಿದರೆ ಎದ್ದು ನಿಲ್ಲುವವರು. ಎತ್ತರದ ಸ್ಟೂಲಿನ ಮೇಲೆ ಛತ್ರಿ ಹಿಡಿದು ಕೂತರು. ಎರಡು ಸೆಟ್ ದ್ವೀಪದವರು ಗೆದ್ದರು, ಎರಡು ನಮ್ಮವರು. ಐದನೆಯದರ ಕೊನೆಗೆ ಬಂತು, ಅವರಿಗೆ ಒಂದು ಪಾಯಿಂಟ್ ಸಿಕ್ಕರೆ ಮುಗಿಯಿತು. ಅವರು ಬೀಸಿ ಹೊಡೆದ ಚೆಂಡನ್ನು ಹಿಂದಿದ್ದ ಹುಡುಗ ಮಲಗಿಕೊಂಡು ಎತ್ತಿದ. ಅದು ಎತ್ತರಕ್ಕೆ ಹೋಗಿ, ನೆಟ್ಟಿನ ಹತ್ತಿರ, ಅಣ್ಣತಮ್ಮಂದಿರ ನಟ್ಟನಡುವೆ ನಿಂತಿತು.

“ಬಾ ಕಂದ” ಅಂದ ಗುರುಪಾದ. “ಬಾರೋ ಚಿನ್ನ” ಅಂದ ಓಂಕಾರ. ಒಂದೇ ಉಸಿರಿಗೆ.

ಚೆಂಡು ಅಲುಗಲಿಲ್ಲ. ಎಲ್ಲರೂ ಸಂಪಂಗಪ್ಪ ಮೇಷ್ಟ್ರ ಕಡೆ ನೋಡಿದರು. ಅವರು ಛತ್ರಿ ಓರೆ ಮಾಡಿ ಚೆಂಡನ್ನು ನೋಡಿ, ಅದು ನೆಲ ಮುಟ್ಟಿಲ್ಲ, ಆಟ ನಡೀತಾ ಇದೆ ಅಂದರು. ಅಷ್ಟೇ. ಸೀಟಿ ಊದಲಿಲ್ಲ. ಆಟ ನಡೆಯುತ್ತಿರುವಾಗ ಆಟಗಾರರು ಗೆರೆ ಬಿಟ್ಟು ಹೋಗುವ ಹಾಗಿಲ್ಲ. ದ್ವೀಪದವರು ಕೈ ಎತ್ತಿಕೊಂಡು ನಿಂತಿದ್ದವರು ಸ್ವಲ್ಪ ಹೊತ್ತು ಹಾಗೇ ಇದ್ದು, ಕೈ ನೋವು ಬಂದು ಇಳಿಸಿದರು. ಬೆಳ್ಳಿಯಪ್ಪನವರು ನನ್ನ ಹತ್ತಿರ ಓಡಿ ಬಂದು ನೀವು ಕರೀರಿ ಅಂದರು. ಇಬ್ಬರು ಕರೆದದ್ದು ನನ್ನ ಅಪ್ಪ ಬಂದರೂ ಇಳಿಯಲ್ಲ ಸ್ವಾಮಿ, ನಮ್ಮ ಮನೆಗೆ ಬಂದು ನೋಡಿ ಅಂದೆ.

ಬಿಸಿಲು ಏರಿತು. ಜನ ಮನೆಯಿಂದ ಕುರ್ಚಿ ತಂದರು, ಕಡಲೆಕಾಯಿಯವನು ಬಂದ. ಪುಟ್ಟತಾಯಿ ಮೊಸರನ್ನದ ತಪ್ಪಲೆ ಹೊತ್ತುಕೊಂಡು ಬಂದು ಗೆರೆಯಾಚೆ ನಿಂತೇ ಎರಡು ತಂಡಕ್ಕೂ ತುತ್ತು ಕೊಟ್ಟಳು. ಕೊಡಬಹುದೋ ಬಾರದೋ ಅಂತ ಮೇಷ್ಟ್ರು ಯೋಚಿಸಿ, ನಿಯಮದಲ್ಲಿ ಮೊಸರನ್ನದ ವಿಷಯ ಇಲ್ಲ ಅಂದರು. ದ್ವೀಪದ ಹುಡುಗರು ತುತ್ತಿಗೊಂದು ಸಲ ತಲೆಬಾಗಿದರು. ಅವರಲ್ಲಿ ಒಬ್ಬ ನೆಟ್ಟಿನ ಕೆಳಗಿನಿಂದ ಬಗ್ಗಿ, ಗುರುಪಾದನಿಗೆ ಹೇಗೆ ಬಿಟ್ಟುಕೊಡಬೇಕು ಅಂತ ಕೈಸನ್ನೆಯಲ್ಲಿ ತೋರಿಸಿಕೊಟ್ಟ. ಎದುರಾಳಿಗೇ ಕನಿಕರ ಬಂದಿತ್ತು ಅಂದರೆ ನೋಡಿ. ಅಣ್ಣತಮ್ಮಂದಿರು ಮಾತ್ರ ಉಣ್ಣಲಿಲ್ಲ, ಕೂರಲಿಲ್ಲ. ಚೆಂಡಿನ ಕೆಳಗೆ, ಒಬ್ಬರಿಗೊಬ್ಬರು ಓರೆಯಾಗಿ, ನಿಂತೇ ಇದ್ದರು.

ಹೊತ್ತು ಇಳಿಯುವ ಹೊತ್ತಿಗೆ ನನಗೆ ಸಿಟ್ಟು ಬಂದಿತ್ತು. ಸಿಟ್ಟಿಗಿಂತ ಹೆಚ್ಚಾಗಿ ಸಂಕಟ. ಸಂಜೆಯ ಬಸ್ಸಿಗೆ ತಂಡ ಹೊರಡಬೇಕು. ಬೆಳ್ಳಿಯಪ್ಪನವರು ಮೀಸೆ ಕಡಿಯುತ್ತಾ, ಬೇರೆ ಇಬ್ಬರು ಆಟಗಾರರಿಗೆ ಬ್ಯಾಗು ಕಟ್ಟಿಕೊಳ್ಳಿ ಅಂತ ಹೇಳಿದ್ದನ್ನು ನಾನು ಕೇಳಿಸಿಕೊಂಡೆ. ಅಣ್ಣತಮ್ಮಂದಿರೂ ಕೇಳಿಸಿಕೊಂಡರು. ಓಂಕಾರನ ಕಾಲು ನಿಂತು ನಿಂತು ನಡುಗುತ್ತಿತ್ತು. ಅವನು ಭಾರವನ್ನು ಒಳ್ಳೆಯ ಕಾಲಿಗೆ ಬದಲಾಯಿಸಿದ, ಯಾರೂ ನೋಡದಿರಲಿ ಅನ್ನುವ ಹಾಗೆ. ಗುರುಪಾದ ನೋಡಿದ. ಅವನ ಮುಖದ ಮೇಲೆ ಹಿಂದಿನ ಸಂಜೆ ನಮ್ಮ ಹಿತ್ತಲಿನಲ್ಲಿ ಕಂಡದ್ದೇ ಕಾಣಿಸಿತು. ಆಗ ನನಗೆ ತಿಳಿಯಿತು, ಇವನು ಚೆಂಡನ್ನು ಕರೆದದ್ದು ತನಗೆ ಬೇಕು ಅಂತಲ್ಲ. ಆ ಜಾಗದಿಂದ ಎಗರಿದರೆ ತಮ್ಮ ಆ ಕಾಲಿನ ಮೇಲೇ ಬಂದು ಬೀಳುತ್ತಾನೆ ಅಂತ. ಮತ್ತೆ ಅದೇ ಕೆಲಸ ಮಾಡಿದ್ದ ಮಹಾರಾಯ.

ಓಂಕಾರನಿಗೂ ಅದು ತಿಳಿದದ್ದು ಆಗಲೇ ಇರಬೇಕು. ಅಣ್ಣ ತನ್ನ ಕಾಲನ್ನು ನೋಡುತ್ತಿರುವುದನ್ನು ಅವನು ನೋಡಿದ. ಬಹಳ ಹೊತ್ತು ನೋಡಿದ. ಇಬ್ಬರೂ ಬಾಯಿ ತೆರೆದರು.

“ತಮ್ಮನಿಗೇ ಹೋಗು” ಅಂದ ಗುರುಪಾದ. “ಅವನ ಕಾಲು, ಅವನಿಗೆ ಗೊತ್ತು.”

“ಅಣ್ಣನಿಗೇ ಹೋಗು” ಅಂದ ಓಂಕಾರ, ಅದೇ ಗಳಿಗೆಗೆ.

ನಮ್ಮೂರಿನಲ್ಲಿ ಇಬ್ಬರು ಒಟ್ಟಿಗೆ ಕರೆದದ್ದುಂಟು. ಇಬ್ಬರು ಒಟ್ಟಿಗೆ ಬಿಟ್ಟುಕೊಟ್ಟದ್ದನ್ನು ನಾನಂತೂ ಕಂಡಿರಲಿಲ್ಲ, ಚೆಂಡೂ ಕಂಡಿರಲಿಕ್ಕಿಲ್ಲ. ಅದು ಯಾರಿಗೂ ಹೋಗದೆ ಇಬ್ಬರ ನಡುವೆ ನೆಟ್ಟಗೆ ಇಳಿದು, ದೊಪ್ಪನೆ ಮಣ್ಣಿಗೆ ಬಿತ್ತು. ಮೇಷ್ಟ್ರು ಬೆಳಗಿನಿಂದ ಕೂಡಿಟ್ಟ ಉಸಿರನ್ನೆಲ್ಲ ಹಾಕಿ ಸೀಟಿ ಊದಿದರು. ಪಾಯಿಂಟ್ ದ್ವೀಪದವರಿಗೆ, ಪಂದ್ಯವೂ ಅವರಿಗೆ. ಅವರು ಕುಣಿಯಬೇಕೋ ತಲೆಬಾಗಬೇಕೋ ತಿಳಿಯದೆ ಎರಡನ್ನೂ ಮಾಡಿದರು.

ಬೆಳ್ಳಿಯಪ್ಪನವರು ತಲೆಯ ಮೇಲೆ ಕೈ ಹೊತ್ತು ಕೂತರು. ಹೋದ ಸಲ ಬಿದ್ದ ಹಾಗೇ, ಅದೇ ಇಬ್ಬರ ನಡುವೆ, ಮತ್ತೊಂದು ಚೆಂಡು. ಅಷ್ಟರಲ್ಲಿ ಅಂಕಣದ ನಡುವಿನಿಂದ ಗಲಾಟೆ ಕೇಳಿಸಿತು. ನಾನು ಬಿಟ್ಟುಕೊಟ್ಟೆನಲ್ಲ, ನೀನು ತಗೋಬೇಕು ತಾನೆ ಅಂತ ಗುರುಪಾದ. ನೀನು ಬಿಟ್ಟುಕೊಡ್ತೀಯ ಅಂತ ನಂಗೇನು ಕನಸು ಬಿದ್ದಿತ್ತಾ ಅಂತ ಓಂಕಾರ. ಜಗಳ ಚೆಂಡಿನಿಂದ ಕಾಲಿಗೆ ಬಂತು, ಕಾಲಿನಿಂದ ವಿಮಾನ ನಿಲ್ದಾಣಕ್ಕೆ ಹೋಯಿತು, ಅಲ್ಲಿಂದ ಚಿಕ್ಕಂದಿನ ಯಾವುದೋ ಸೈಕಲ್ಲಿನ ತನಕ ಹಿಂದೆ ಸರಿಯಿತು. ಕೂಗುತ್ತಾ ಕೂಗುತ್ತಾ ಓಂಕಾರನ ಕಣ್ಣಲ್ಲಿ ನೀರು ಬಂದುಬಿಟ್ಟಿತು. ನಂಗೊಂದು ಮಾತು ಮೊದಲು ಕೇಳಬಹುದಿತ್ತಲ್ಲೋ ಅಣ್ಣ ಅಂದ. ಗುರುಪಾದ ಅವನ ಭುಜ ಹಿಡಿದುಕೊಂಡ, ಆದರೆ ಬೈಯುವುದನ್ನು ನಿಲ್ಲಿಸಲಿಲ್ಲ. ಬೆಳ್ಳಿಯಪ್ಪನವರು ತಲೆಯಿಂದ ಕೈ ತೆಗೆದು, ಬ್ಯಾಗು ಕಟ್ಟಿಕೊಂಡಿದ್ದ ಇಬ್ಬರಿಗೆ ಬಿಚ್ಚಿಡಿ ಅಂದರು. ಬಸ್ಸು ಹತ್ತುವಾಗಲೂ ಅವರ ಜಗಳ ಮುಗಿದಿರಲಿಲ್ಲ. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಸ್ವಲ್ಪ ಹೊತ್ತು ಕೇಳಿಸುತ್ತಿತ್ತು.

ಅವತ್ತು ನಾನೂ ಪುಟ್ಟತಾಯಿಯೂ ಒಂದೇ ಬೀದಿಯಲ್ಲಿ ಮನೆಗೆ ನಡೆದೆವು, ಅವಳು ಆ ಬದಿ, ನಾನು ಈ ಬದಿ. ಚೊಂಬು ಎಲ್ಲಿತ್ತೋ ಅಲ್ಲೇ ಇತ್ತು. ಊರಿನವರ ವಿಷಯ ಬೇರೆ, ನನ್ನ ವಿಷಯ ಬೇರೆ ಅಂತ ಒಳಗೆ ಹೋಗಿ ಅಕ್ಕಿ ತೊಳೆದೆ.

ಆಮೇಲೆ ಸ್ಪರ್ಧೆ ಬಂತು. ಎಲ್ಲೋ ದೂರದ ದೇಶ, ಅಲ್ಲಿ ಎಸೆದದ್ದೆಲ್ಲ ತಾನಾಗಿಯೇ ಬೀಳುತ್ತದೆ, ಯಾರಿಗೂ ಕಾಯುವುದಿಲ್ಲ. ನಮ್ಮವರ ದೊಡ್ಡ ಪಂದ್ಯದ ಸಂಜೆ ಸರಿಯಾಗಿ ನಮ್ಮ ಟಿವಿ ಕೆಟ್ಟು ಕೂತಿತು. ನನ್ನ ಗಂಡ ಒಂದು ಮಾತೂ ಆಡದೆ ತಮ್ಮನ ಮನೆಗೆ ಎದ್ದುಹೋದರು. ನಾನು ಒಣಗಿದ ಬಟ್ಟೆಯನ್ನೇ ಮತ್ತೆ ಒಣಹಾಕುತ್ತಾ ಹಿತ್ತಲಿನಲ್ಲಿ ಗೋಡೆಗೆ ಕಿವಿ ಕೊಟ್ಟು ನಿಂತೆ. ಆಚೆಯಿಂದ ಬರೀ ಗದ್ದಲ. ಒಮ್ಮೆ ಎಲ್ಲರೂ ಅಯ್ಯೋ ಅಂದರು. ಬಿದ್ದನೇನೋ ಆ ಹುಡುಗ, ಕಾಲು ಹೋಯಿತೇನೋ. ಕೇಳೋಣ ಅಂದರೆ ಯಾರನ್ನು ಕೇಳುವುದು? ನಮ್ಮ ಮನೆಯವರಂತೂ ಟಿವಿ ಮುಂದೆ ಈ ಲೋಕವನ್ನೇ ಮರೆತಿದ್ದರು. ಆಮೇಲೆ ಎಲ್ಲರೂ ಸೂರು ಹಾರಿಹೋಗುವ ಹಾಗೆ ಕೂಗಿದರು. ಹಿತ್ತಲ ಬಾಗಿಲು ತೆಗೆದ ಸದ್ದಾಯಿತು, ಗೋಡೆಯಾಚೆ ಬಳೆ ಸದ್ದು ಹತ್ತಿರ ಬಂದು ನಿಂತಿತು.

“ಗೆದ್ದರು ಕಣಕ್ಕಾ” ಅಂದಳು ಪುಟ್ಟತಾಯಿ. “ಚೆಂಡು ನಡುವೆ ಬಂತು. ನಿಂದು ಅಂತ ಅಣ್ಣ ಕೂಗಿದ, ತಮ್ಮ ಹೊಡೆದ. ಕಾಲಿಗೇನೂ ಆಗಲಿಲ್ಲ.”

ನಾನು ಕೇಳಬೇಕು ಅಂತ ಇದ್ದದ್ದು ಅದನ್ನೇ. ಅದು ಅವಳಿಗೆ ಹೇಗೆ ಗೊತ್ತಾಯಿತೋ. ತಲೆ ಎತ್ತಿದೆ. ಚೊಂಬಿನ ಮೇಲೆ ಕಾಗೆ ಕೂತಿತ್ತು. ಕಾಗೆಯನ್ನು ಓಡಿಸಿ, ಸೆರಗಿನಲ್ಲಿ ಮೂಗು ಒರೆಸಿಕೊಂಡು, ಅವಳಿಗೇ ಹೋಗು ಅಂದೆ.

ಹೋಯಿತು. ಆಚೆ ಕಡೆ ಬಳೆಗಳ ನಡುವೆ ಠಣ್ ಅಂತು. ಆಮೇಲೆ ಅವಳು ಮೂಗಿನಲ್ಲೇ ಏನೋ ಅಂದು ಎಸೆದಳು, ಚೊಂಬು ಗೋಡೆಯ ಮೇಲಕ್ಕೆ ಬಂದು ನಿಂತಿತು, ಅಕ್ಕನಿಗೇ ಹೋಗು ಅಂದದ್ದು ಕೇಳಿಸಿತು. ಅದು ಎಷ್ಟು ಓರೆಯಾಗಿ ಬಂತು ಅಂದರೆ ಹಿಡಿಯಲು ನಾನು ಬಟ್ಟೆಯ ಹಗ್ಗದ ಕೆಳಗೆ ನುಗ್ಗಿ ಒಗೆಯುವ ಕಲ್ಲಿನ ತನಕ ಓಡಬೇಕಾಯಿತು. ಅಷ್ಟು ದಿನ ಕ್ಯಾಂಪಿನಲ್ಲಿ ಅಡುಗೆ ಮಾಡಿದ್ದೀಯ, ನೆಟ್ಟಗೆ ಒಂದು ಪಾಸ್ ಹಾಕೋದು ಕಲೀಲಿಲ್ವೇನೆ ಅಂತ ಬೈದು, ಮತ್ತೆ ಅವಳ ಕಡೆಗೇ ಎತ್ತಿ ಹಾಕಿದೆ.